ಮಟ್ಟಿಯ ಮೇಲಿನ ಜೋಡಿ

ಮೈಸೂರಿನ ನಜರಬಾದ್ ಕಡೆಯ ಗರಡಿಮನೆಯೊಂದಕ್ಕೆ ಈ ಹಿರಿಯ ಪೈಲ್ವಾನರು ಮೊದಲು ಇಳಿದದ್ದು 1968ರಲ್ಲಿ, 12ನೇ ವಯಸ್ಸಿಗೆ. ಇಳಿದದ್ದು ಎಂದೇ ಹೇಳಬೇಕು. ಹಳೆಯ ಗರಡಿಗಳ ನೆಲ ಬೀದಿಗಿಂತ ತಗ್ಗು, ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಆಂಜನೇಯನ ಪಟ, ಗೋಡೆಗೊರಗಿದ ಗದೆಗಳು, ನಡುವೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ.

ಮೊದಲ ತಿಂಗಳು ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ಬೀಳುವುದನ್ನು ಕಲಿಸಿದರು. ಗದ್ದ ಎದೆಗೆ ಒತ್ತಿರಬೇಕು, ಬೀಳುವಾಗ ಕೈ ಊರಬಾರದು. ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಯಿತು. ಜೋಡಿಯಾಗಿ ಸಿಕ್ಕವನು ಜಟಕಾ ಹೊಡೆಯುವವರ ಮಗ, ಎರಡು ವರ್ಷ ದೊಡ್ಡವನು. ದಿನವೂ ಬೆಳಗಿನ ಜಾವ ಇಬ್ಬರೂ ಸೇರಿ ಗುದ್ದಲಿಯಿಂದ ಮಟ್ಟಿ ಅಗೆದು ಸಡಿಲ ಮಾಡುತ್ತಿದ್ದರು. ಒಬ್ಬನ ಮೈ ಬೆವರಿ ಜಾರತೊಡಗಿದರೆ ಇನ್ನೊಬ್ಬ ಹಿಡಿ ಮಣ್ಣು ತೆಗೆದು ಅವನ ಕತ್ತಿಗೆ, ಬೆನ್ನಿಗೆ ತಿಕ್ಕುವನು. ತನ್ನನ್ನೇ ಎತ್ತಿ ಒಗೆಯಲು ಬರುವವನಿಗೆ ಹಿಡಿತ ಸಿಗಲೆಂದು ಮಣ್ಣು ಹಚ್ಚುವುದು! ಗರಡಿಯ ಅರ್ಧ ವಿದ್ಯೆ ಆ ಒಂದು ಹಿಡಿ ಮಣ್ಣಿನಲ್ಲಿತ್ತು.

ಜೋಡಿಯಾಗುವುದು ಸುಲಭದ ಕೆಲಸವಲ್ಲ. ಸುಮ್ಮನೆ ಬಿದ್ದುಕೊಟ್ಟರೆ ಎದುರಿನವನಿಗೆ ಪಟ್ಟು ಬಂತೆಂಬ ಭ್ರಮೆ ಹುಟ್ಟುತ್ತದೆ. ಮೊದಲ ದಿನವೇ ಬಿಗಿದು ನಿಂತರೆ ಅವನಿಗೆ ಏನೂ ಬರುವುದಿಲ್ಲ. ಇಂದು ಇಷ್ಟು, ನಾಳೆ ಇನ್ನಷ್ಟು ಎಂದು ಬಲವನ್ನು ಅಳೆದು ಕೊಡಬೇಕು. ಎದುರಿನವನ ಉಸಿರು ಕಟ್ಟುತ್ತಿದೆಯೇ, ಮಂಡಿ ತಿರುಗುತ್ತಿದೆಯೇ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯಬೇಕು.

ಒಂದು ಬೆಳಿಗ್ಗೆ ಇವರ ಕೈಗೆ ಅದು ತಿಳಿಯಲಿಲ್ಲ. ಜೋಡಿಯ ತೋಳು ತಿರುವಿದ್ದರು. ಅವನು ಮಟ್ಟಿ ತಟ್ಟಿದ. ಗೆಲುವಿನ ಅಮಲಿನಲ್ಲಿ ಇವರು ಬಿಡುವುದು ತಡವಾಯಿತು. ಮೊಣಕೈ ಊದಿಕೊಂಡಿತು. ಉಸ್ತಾದರು ಬೈಯಲಿಲ್ಲ. “ಅವ್ನು ನಾಳೆನೂ ಬರ್ಬೇಕು ಕಣೋ ಮಗ” ಎಂದರಷ್ಟೇ. ಎಂಟು ದಿನ ಇವರಿಗೆ ಕುಸ್ತಿಯಿಲ್ಲ, ಮಟ್ಟಿ ಅಗೆಯುವುದೇ ಕೆಲಸ. ಸಂಜೆ ಆ ಹುಡುಗನ ಮನೆಗೆ ಹೋಗಿ ಎಣ್ಣೆ ನೀವಿ ಬರಬೇಕು. ಅವನ ತಾಯಿ ಬಾಗಿಲಲ್ಲಿ ನಿಂತು ನೋಡಿದ ನೋಟ ಇವರಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೈಸೂರಿನಲ್ಲಿ ಜೋಡಿ ಎಂಬ ಪದಕ್ಕೆ ಎರಡು ಅರ್ಥ. ದಿನವೂ ಜೊತೆಗೆ ಸಾಮು ಮಾಡುವವನೂ ಜೋಡಿ. ದಸರಾ ಅಖಾಡದಲ್ಲಿ ಎದುರು ನಿಲ್ಲುವವನೂ ಜೋಡಿ. ಹಬ್ಬಕ್ಕೆ ಮುಂಚೆ ಹಿರಿಯರು ಕುಳಿತು ಜೋಡಿ ಕಟ್ಟುತ್ತಾರೆ. ಒಬ್ಬ ಚಿತ್ ಆಗುವವರೆಗೂ ನಡೆಯುವ ಮಾರ್ಫಿಟ್ ಕುಸ್ತಿಗೆ ಒಂದು ಕಾಲದಲ್ಲಿ ಮೈಕಟ್ಟು ನೋಡಿಯೇ ಸರಿಸಾಟಿ ಯಾರೆಂದು ಹೇಳಿಬಿಡುತ್ತಿದ್ದರು. ಈಗ ತೂಕದ ಯಂತ್ರವೂ ಬಂದಿದೆ.

ಮಣ್ಣಿನಿಂದ ಮ್ಯಾಟಿಗೆ ಆದ ಬದಲಾವಣೆ ದೇಶಕ್ಕೆ ಹಳೆಯದು. ಮಹಾರಾಷ್ಟ್ರದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದದ್ದು ಮಣ್ಣಿನ ಕುಸ್ತಿ ಕಲಿತು. ಪರಿಚಯವಿಲ್ಲದ ಮ್ಯಾಟಿನ ಮೇಲೆ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಮೈಸೂರಿನ ಗರಡಿಗಳಿಗೆ ಮ್ಯಾಟಿನ ಬಿಸಿ ತಟ್ಟಿದ್ದು ನಿಧಾನವಾಗಿ. ಮ್ಯಾಟಿನ ಮೇಲಿನ ಪಾಯಿಂಟ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡಿನ ಬಿಡುವು. ಅದಕ್ಕೆ ವೇಗ ಬೇಕು, ತೂಕಕ್ಕೆ ತಕ್ಕ ಜೋಡಿ ಬೇಕು. ದಾವಣಗೆರೆಯಂಥ ಕಡೆ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಅದು ಸಿಗುತ್ತದೆ. ಹುಡುಗಿಯರೂ ಅಖಾಡಕ್ಕೆ ಇಳಿದರು. ಮಹಿಳಾ ಕುಸ್ತಿ 2004ರಲ್ಲಿ ಒಲಿಂಪಿಕ್ಸ್ ಸೇರಿತು. ಗಂಡಸರಿಗಷ್ಟೇ ತೆರೆದಿದ್ದ ವಿದ್ಯೆ ಎಲ್ಲರದ್ದಾದದ್ದು ದೊಡ್ಡ ಲಾಭ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಇಕ್ಕಟ್ಟೂ ಹುಟ್ಟಿತು. ಒಲಿಂಪಿಕ್ಸ್‌ನಲ್ಲಿ ಒಂದು ತೂಕಕ್ಕೆ ದೇಶದಿಂದ ಒಬ್ಬರೇ. ದಿನವೂ ಜೊತೆಗೆ ಅಭ್ಯಾಸ ಮಾಡುವ ಅದೇ ತೂಕದ ಗೆಳೆಯನೇ ಆಯ್ಕೆಯ ದಿನ ಎದುರಾಳಿ. ತನ್ನ ಬಲವಾದ ಪಟ್ಟನ್ನು ಅವನಿಗೆ ತೋರಿಸಬೇಕೇ, ಬಚ್ಚಿಡಬೇಕೇ? ಹಿಂದೆ ಗರಡಿಯಲ್ಲಿ 60 ಕಿಲೋದವನಿಗೆ 80 ಕಿಲೋದವನು ಮೈ ಕೊಡುತ್ತಿದ್ದ. ಅಲ್ಲಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ.

ನಜರಬಾದಿನ ಆ ಗರಡಿಯಲ್ಲಿ ಈಗ ಸಂಜೆ ಬರುವವರು ಮೂವರು ಹುಡುಗರು. ಮಿಕ್ಕವರು ಜಿಮ್ಮಿಗೆ ಹೋಗುತ್ತಾರೆ. ಅಲ್ಲಿ ಕಬ್ಬಿಣವಿದೆ, ಒಬ್ಬನೇ ಎತ್ತಿ ಇಳಿಸಬಹುದು. ಜಟಕಾದವರ ಮಗ ತೀರಿಕೊಂಡು ನಾಲ್ಕು ವರ್ಷವಾಯಿತು. ಮೂವರಲ್ಲಿ ಇಬ್ಬರು ಹಿಡಿದರೆ ಒಬ್ಬ ಉಳಿಯುತ್ತಾನೆ. ಆಗ 70ರ ಅಂಚಿನ ಈ ಪೈಲ್ವಾನರು ಅಂಗಿ ಕಳಚಿ ಮೊಳೆಗೆ ತಗುಲಿಸುತ್ತಾರೆ, ಮಟ್ಟಿ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಒಂದು ಹಿಡಿ ಮಣ್ಣನ್ನು ತಮ್ಮ ಕತ್ತಿಗೆ ತಾವೇ ತಿಕ್ಕಿಕೊಂಡು, ಕಾಯುತ್ತಿರುವ ಹುಡುಗನ ಮುಂದೆ ಬಗ್ಗಿ ನಿಲ್ಲುತ್ತಾರೆ. “ಹಿಡಿ ಮಗ.”