ಅಡಗೂಲಜ್ಜಿಯ ಅರ್ಜಿ

2019ರ ಏಪ್ರಿಲ್, ಮೇ ತಿಂಗಳಲ್ಲಿ ಸತತವಾಗಿ ಆರು ಸೋಮವಾರ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ಅಮೆರಿಕದ ಪೂರ್ವ ತೀರದಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ‘ಗೇಮ್ ಆಫ್ ಥ್ರೋನ್ಸ್’ ಶುರುವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಸೋಮವಾರ ಬೆಳಗ್ಗೆ ಆರೂವರೆ. ಎರಡು ಡಬ್ಬಿ ಕಟ್ಟಬೇಕು, ನಲ್ಲಿಯಲ್ಲಿ ಕಾವೇರಿ ನೀರು ಬರುವ ಹೊತ್ತು, ಒಲೆಯ ಮೇಲೆ ಹಾಲು. ನಾನು ಮಾತ್ರ ಸೌಟು ಹಿಡಿದುಕೊಂಡು ಹಾಲ್‌ನಲ್ಲಿ ನಿಂತು ಡ್ರ್ಯಾಗನ್ ನೋಡುತ್ತಿದ್ದೆ. ಪಕ್ಕದ ಬೆತ್ತದ ಕುರ್ಚಿಯಲ್ಲಿ, ಶಾಲು ಹೊದ್ದುಕೊಂಡು, ಅಪ್ಪ.

ಅಪ್ಪ ಅಲ್ಲಿ ಕೂತಿದ್ದೇ ಡ್ರ್ಯಾಗನ್‌ಗಿಂತ ದೊಡ್ಡ ಅಚ್ಚರಿ. ತಿಪಟೂರು ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತಾರು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಕಾರಂತರನ್ನು ಬಿಟ್ಟರೆ ಕಾದಂಬರಿಯೇ ಇಲ್ಲ ಎನ್ನುವವರ ಪೈಕಿ. ಮೆಚ್ಚದ ಬರಹಕ್ಕೆ ಅವರಲ್ಲಿ ಒಂದೇ ಬೈಗುಳವಿತ್ತು: “ಅಡಗೂಲಜ್ಜಿ ಕಥೆ.”

ಆ ಬೈಗುಳವನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವರು ನಮ್ಮಜ್ಜಿ. 1994ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ‘ಚಂದ್ರಕಾಂತಾ’ ಬರುತ್ತಿತ್ತು. ದೇವಕೀನಂದನ ಖತ್ರಿಯವರು 1888ರಲ್ಲಿ ಪ್ರಕಟಿಸಿದ ಹಿಂದಿ ಕಾದಂಬರಿಯನ್ನು ಹಿಗ್ಗಿಸಿ ಮಾಡಿದ ಧಾರಾವಾಹಿ. ವೇಷ ಮರೆಸುವ ಅಯ್ಯಾರರು, ಮಾಯೆಯ ಕೋಟೆಗಳು, ಹುಬ್ಬನ್ನು ಹಣೆಯ ತನಕ ಏರಿಸಿಕೊಂಡು ‘ಯಕ್ಕೂ’ ಎನ್ನುವ ಕ್ರೂರ್ ಸಿಂಗ್. ಅಜ್ಜಿಗೆ ಹಿಂದಿಯ ಒಂದಕ್ಷರ ಬಾರದು. ಅದೇನೂ ಅವರಿಗೆ ಅಡ್ಡಿಯಾಗಲಿಲ್ಲ. ಕಪ್ಪು ಬಿಳುಪಿನ ಟೀವಿಯಲ್ಲಿ ಕಂಡಿದ್ದಕ್ಕೆ ತಮ್ಮದೇ ಕಥೆ ಕಟ್ಟಿಕೊಂಡು, ಮಧ್ಯಾಹ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಬೀದಿಯ ಹೆಂಗಸರಿಗೆಲ್ಲ ಹೇಳುತ್ತಿದ್ದರು. ಅವರ ಕಥೆಯಲ್ಲಿ ಕ್ರೂರ್ ಸಿಂಗ್ ‘ಕ್ರೂರಸಿಂಗಪ್ಪ’ನಾಗಿದ್ದ, ಅವನಿಗೊಬ್ಬಳು ಹೆಂಡತಿ ಇದ್ದಳು, ಅವಳಿಗೆ ಅತ್ತೆಯ ಕಾಟವಿತ್ತು. ಬಹಳ ವರ್ಷಗಳ ಮೇಲೆ ಯಾರೋ ನನಗೆ ಆ ಧಾರಾವಾಹಿಯ ನಿಜವಾದ ಕಥೆ ಹೇಳಿದಾಗ ಅಷ್ಟೇನೂ ಚೆನ್ನಾಗಿಲ್ಲ ಅನ್ನಿಸಿತು.

“ಅಮ್ಮಾ, ಅದೆಲ್ಲ ಅಡಗೂಲಜ್ಜಿ ಕಥೆ ಕಣಮ್ಮ,” ಎಂದು ಅಪ್ಪ ಪತ್ರಿಕೆಯ ಹಿಂದಿನಿಂದಲೇ ಹೇಳುತ್ತಿದ್ದರು.

“ನಾನೂ ಅಜ್ಜೀನೇ ಕಣೋ. ನಂಗೆ ಸರಿಹೋಗುತ್ತೆ, ನೀನು ಪೇಪರ್ ಓದ್ಕೊ.”

ಅಂಥ ಅಪ್ಪನನ್ನು ಬದಲಿಸಿದ್ದು ಅವರ ಮಂಡಿ. ಅಮ್ಮ ಹೋದ ಮೇಲೆ ನಮ್ಮ ಜೊತೆ ಇರಲು ಬಂದರು. ಮಂಡಿಚಿಪ್ಪಿನ ಆಪರೇಷನ್ ಆಗಿ ಮೂರು ತಿಂಗಳು ಕಾಲು ಚಾಚಿ ಕೂರಬೇಕಾಯಿತು. ಕೈಗೆ ಸಿಕ್ಕಿದ ಪುಸ್ತಕವೆಲ್ಲ ಮುಗಿದ ಒಂದು ದಿನ, ನಾನು ನೋಡುತ್ತಿದ್ದ ಪರದೆಯ ಕಡೆ ಕಣ್ಣು ಹಾಯಿಸಿ, “ಯಾರಮ್ಮ ಆ ಗಿಡ್ಡ ಮಂತ್ರಿ? ಮಾತು ತೂಕದ್ದು,” ಎಂದರು. ಮುಗಿಯಿತು. ಮೊದಲ ಏಳು ಸೀಸನ್ನಿನ 67 ಕಂತುಗಳನ್ನು ಒಂದೇ ಮಂಡಿಯ ಅವಧಿಯಲ್ಲಿ ನೋಡಿ ಮುಗಿಸಿದರು. ಆ ಧಾರಾವಾಹಿಯಲ್ಲಿ ಅಪ್ಪ-ಮಗಳು ಒಟ್ಟಿಗೆ ಕೂತು ನೋಡುವಂಥದ್ದಲ್ಲದ ದೃಶ್ಯಗಳಿಗೆ ಬರವಿಲ್ಲ. ಅಂಥದು ಬಂದಾಗ ಅಪ್ಪ ಊರುಗೋಲು ಹಿಡಿದು ಎದ್ದು, ತುಳಸಿಗೆ ನೀರು ಹಾಕಿದ್ದೀಯಾ ಎಂದು ನೋಡಲು ಬಾಲ್ಕನಿಗೆ ಹೋಗುತ್ತಿದ್ದರು. ನಮ್ಮ ತುಳಸಿ ಆ ವರ್ಷ ಕೊಳೆತುಹೋಯಿತು.

ವಿದೇಶಿ ಹೆಸರುಗಳು ಅವರ ನಾಲಿಗೆಗೆ ಒಗ್ಗಲಿಲ್ಲ. ಟಿರಿಯನ್ ವಿದುರನಾದ. ತನ್ನ ಹುಟ್ಟಿನ ಗುಟ್ಟು ತನಗೇ ಗೊತ್ತಿಲ್ಲದ ಜಾನ್ ಸ್ನೋ ಕರ್ಣ. ಮಕ್ಕಳ ಮೋಹಕ್ಕೆ ರಾಜ್ಯ ಸುಡುವ ಸರ್ಸಿಗೆ ಧೃತರಾಷ್ಟ್ರನ ಹೆಸರೇ ಸರಿ, ಸೀರೆ ಉಡಿಸಿದರೆ ಆಯಿತು ಎಂದರು. ಗ್ವೆಂಡೊಲಿನ್ ಕ್ರಿಸ್ಟಿ ಮಾಡಿದ ಬ್ರಿಯನ್ ಪಾತ್ರಕ್ಕೆ ಮಾತ್ರ ಮಹಾಭಾರತದಲ್ಲಿ ಜೋಡಿ ಸಿಗಲಿಲ್ಲ. ಗಂಡಸರಿಗಿಂತ ಎತ್ತರ, ಕೊಟ್ಟ ಮಾತಿಗೆ ತಪ್ಪದವಳು, ಹೆಂಗಸು ಎಂಬ ಒಂದೇ ಕಾರಣಕ್ಕೆ ನೈಟ್ ಪದವಿ ಸಿಗದವಳು. “ಅಂಬೆ ಅನ್ನೋ ಹಾಗಿಲ್ಲ, ಚಿತ್ರಾಂಗದೆ ಅನ್ನೋ ಹಾಗೂ ಇಲ್ಲ,” ಎಂದು ಎರಡು ದಿನ ಯೋಚಿಸಿ, ಕೊನೆಗೆ ‘ಆ ಎತ್ತರದ ಹುಡುಗಿ’ ಎಂದೇ ಕರೆದರು. ಕೊನೆಯ ಸೀಸನ್ನಿನ ಎರಡನೇ ಕಂತಿನಲ್ಲಿ, ಯುದ್ಧದ ಹಿಂದಿನ ರಾತ್ರಿ, ಬೆಂಕಿಯ ಮುಂದೆ ಅವಳಿಗೆ ಆ ಪದವಿ ಸಿಗುತ್ತದೆ. ಅಪ್ಪ ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

ಆ ಎರಡನೇ ಕಂತೇ ನಮ್ಮ ಸಂತೋಷದ ಕೊನೆ. ಆಮೇಲೆ ಕಥೆ ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡ ಲಾರಿಯಂತಾಯಿತು. ಎಂಟು ವರ್ಷ ಹೊಲಿದ ಬಟ್ಟೆಯನ್ನು ನಾಲ್ಕು ವಾರದಲ್ಲಿ ಕತ್ತರಿಸಿದರು. ಸೀಸನ್ನನ್ನು ಹೊಸದಾಗಿ ಬರೆದು ತೆಗೆಯಿರಿ ಎಂದು ಹದಿನೈದು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ನಾಲ್ಕನೇ ಕಂತಿನ ಔತಣದ ದೃಶ್ಯದಲ್ಲಿ, ಕೊಂಬಿನ ಲೋಟಗಳ ನಡುವೆ, ಇಂದಿನ ಕಾಲದ ಕಾಗದದ ಕಾಫಿ ಲೋಟವೊಂದು ರಾಣಿಯ ಎದುರಿಗೇ ಕೂತಿತ್ತು, ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

ಜುಲೈ 16ರ ರಾತ್ರಿ ಒಂಬತ್ತರ ಸುಮಾರಿಗೆ ಎಮ್ಮಿ ಪ್ರಶಸ್ತಿಯ ನಾಮಿನೇಷನ್ ಪಟ್ಟಿ ಬಂತು. ಇದೇ ಸೀಸನ್ನಿಗೆ 32! ಒಂದು ಧಾರಾವಾಹಿಗೆ ಒಂದೇ ವರ್ಷದಲ್ಲಿ ಅಷ್ಟು ಅದುವರೆಗೆ ಬಂದೇ ಇರಲಿಲ್ಲ. ಮಾರನೆಯ ಬೆಳಗ್ಗೆ ನಮ್ಮ ಬ್ಯಾಂಕಿನ ಪಕ್ಕದ ದರ್ಶಿನಿಯಲ್ಲಿ, ನಿಂತು ತಿನ್ನುವ ಆ ದುಂಡು ಮೇಜಿನ ಸುತ್ತ, ನಾಲ್ವರ ನಡುವೆ ಜಗಳ. ಕ್ಯಾಷಿಯರ್ ಹುಡುಗನಿಗೆ ಕೋಪ: ಒಳ್ಳೆಯ ಸೀಸನ್ನಿಗೆ ಕೊಡದ ಮರ್ಯಾದೆ ಕೆಟ್ಟ ಸೀಸನ್ನಿಗೆ ಯಾಕೆ? ಲೋನ್ ಸೆಕ್ಷನ್ನಿನವಳ ವಾದ, ಇದು ಎಂಟು ವರ್ಷದ ದುಡಿಮೆಗೆ ಕೊಡುತ್ತಿರುವ ಗ್ರಾಚ್ಯುಟಿ. ಕಾಫಿ ಲೋಟ ಕಂಡ ಆ ಕಂತಿಗೇ ನಿರ್ದೇಶನಕ್ಕೆ ನಾಮಿನೇಷನ್ ಬಂದಿದೆ ಎಂದು ನಾನು ಹೇಳಿದಾಗ ಧಾರವಾಡದ ನಮ್ಮ ಮ್ಯಾನೇಜರ್ ತಮ್ಮ ಬೈಟೂ ಕಾಫಿಯನ್ನು ಎತ್ತಿ ಹಿಡಿದು, “ಹಂಗಾರ ಇದಕ್ಕೂ ಒಂದು ಕೊಡ್ರಿ,” ಎಂದರು. ಅವರಿಗೆ ಆ ಪ್ರಶಸ್ತಿಯ ಹೆಸರೇ ಮೋಜು. “ಎಮ್ಮಿ ಅಂದ್ರ ನಮ್ಮ ಕಡೆ ಹಾಲು ಕೊಡತದ್ರಿ. ಇವ್ರದು ಏನು ಕೊಡತದ?”

ಏನು ಕೊಡುತ್ತದೆ? ಒಂದು ಬೊಂಬೆ. ಆದರೂ ಮಾಯಾಕಥೆಯ ಅಭಿಮಾನಿಗಳು ಆ ಪಟ್ಟಿಗೆ ಇಷ್ಟು ಹಲ್ಲು ಕಡಿಯುವುದಕ್ಕೆ ಹಳೆಯ ಕಾರಣವಿದೆ. ಎಲ್ಲ ಭಾಷೆಯಲ್ಲೂ ಪತ್ರಿಕೆಯ ಹಿಂದೆ ಕೂತ ಒಬ್ಬ ಮೇಷ್ಟ್ರು ಇರುತ್ತಾರೆ. ರಾಡ್ ಸರ್ಲಿಂಗ್ ಎಂಬ ಬರಹಗಾರ ಗಂಭೀರ ಟೀವಿ ನಾಟಕಗಳಿಗೆ ಎಮ್ಮಿ ಗೆದ್ದವರು. ಆದರೆ ಜನಾಂಗದ್ವೇಷ, ರಾಜಕೀಯ ಎಂದು ಬರೆದಾಗಲೆಲ್ಲ ಜಾಹೀರಾತು ಕೊಡುವವರು ಕತ್ತರಿ ಆಡಿಸುತ್ತಿದ್ದರು. ಮನುಷ್ಯ ಹೇಳಬಾರದ್ದನ್ನು ಅನ್ಯಗ್ರಹದವನು ಹೇಳಿದರೆ ಯಾರೂ ತಡೆಯುವುದಿಲ್ಲ ಎಂದು ಕಂಡುಕೊಂಡು 1959ರಲ್ಲಿ ‘ದ ಟ್ವೈಲೈಟ್ ಝೋನ್’ ಶುರು ಮಾಡಿದರು. ಅದೇ ವರ್ಷ ಸಂದರ್ಶನವೊಂದರಲ್ಲಿ ಅವರಿಗೆ ಎದುರಾದ ಪ್ರಶ್ನೆ: ಅಂದರೆ ಟೀವಿಗೆ ಮಹತ್ವದ್ದೇನನ್ನೂ ಬರೆಯುವುದನ್ನು ಬಿಟ್ಟಿರಿ, ಅಲ್ಲವೇ? ನನಗೆ ಆ ಪ್ರಶ್ನೆ ಅಪ್ಪನ ದನಿಯಲ್ಲೇ ಕೇಳಿಸುತ್ತದೆ. ಸರ್ಲಿಂಗ್ 1960ರಲ್ಲೂ 1961ರಲ್ಲೂ ಅದೇ ‘ಮಹತ್ವವಿಲ್ಲದ’ ಬರವಣಿಗೆಗೆ ಎಮ್ಮಿ ತೆಗೆದುಕೊಂಡರು.

ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ‘ಸ್ಟಾರ್ ಟ್ರೆಕ್’ 1967 ಮತ್ತು 1968ರಲ್ಲಿ ಅತ್ಯುತ್ತಮ ನಾಟಕ ಸರಣಿಗೆ ನಾಮಿನೇಟ್ ಆಗಿ ಎರಡು ಸಲವೂ ‘ಮಿಷನ್: ಇಂಪಾಸಿಬಲ್’ ಎದುರು ಸೋತಿತು. ಎರಡೂ ಡೆಸಿಲು ಎಂಬ ಒಂದೇ ಸ್ಟುಡಿಯೋದ ಕೂಸುಗಳು. ಒಂದೇ ಮನೆಯ ಇಬ್ಬರು ಸೊಸೆಯರಲ್ಲಿ ಒಬ್ಬಳಿಗೇ ಎರಡು ವರ್ಷವೂ ರೇಷ್ಮೆ ಸೀರೆ. ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಅವರೇ ದುಡ್ಡು ಕೊಟ್ಟು ಸದಸ್ಯರಾಗಿ ಮತ ಹಾಕುವ ಹ್ಯೂಗೊ ಪ್ರಶಸ್ತಿಯಲ್ಲಿ 1968ರ ನಾಟಕ ವಿಭಾಗದ ಅಂತಿಮ ಪಟ್ಟಿಯ ಐದಕ್ಕೆ ಐದೂ ‘ಸ್ಟಾರ್ ಟ್ರೆಕ್’ ಕಂತುಗಳೇ. ನಮ್ಮ ಸೊಸೈಟಿ ಚುನಾವಣೆಗಳಲ್ಲಿ ಇದಕ್ಕೆ ಪ್ಯಾನಲ್ ಎನ್ನುತ್ತಾರೆ. ‘ದ ಎಕ್ಸ್-ಫೈಲ್ಸ್’ ನಾಲ್ಕು ವರ್ಷ ಎಮ್ಮಿ ಪಟ್ಟಿಗೆ ಬಂದು ನಾಲ್ಕು ವರ್ಷವೂ ದೊಡ್ಡ ಪ್ರಶಸ್ತಿಯಿಲ್ಲದೆ ಮನೆಗೆ ಹೋಯಿತು. ‘ಬಫಿ’ಯ ಹಾಡುಗಳ ಕಂತನ್ನು 2002ರಲ್ಲಿ ಮತಪತ್ರಕ್ಕೆ ಸೇರಿಸುವುದನ್ನೇ ಮರೆತು, ಆಮೇಲೆ ಸದಸ್ಯರಿಗೆ ಕಾರ್ಡು ಬರೆದು ತಿಳಿಸಬೇಕಾಯಿತು. 2005ರಲ್ಲಿ ‘ಲಾಸ್ಟ್’ ಗೆದ್ದದ್ದು ಹೌದು, ಆದರೆ ಮಾಂತ್ರಿಕರು, ಡ್ರ್ಯಾಗನ್‌ಗಳು ನೇರಾನೇರ ಬಂದು ಮಣೆಯ ಮೇಲೆ ಕೂತದ್ದು 2015ರಲ್ಲಿ, ‘ಗೇಮ್ ಆಫ್ ಥ್ರೋನ್ಸ್’ ಒಂದೇ ಏಟಿಗೆ 12 ಎಮ್ಮಿ ಬಾಚಿಕೊಂಡಾಗ.

ಅಪ್ಪನಿಗೆ ಪಟ್ಟಿಗಳೆಂದರೆ ಪ್ರಾಣ. ಪ್ರತಿ ಅಕ್ಟೋಬರ್ ಕೊನೆಗೆ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ಕೆಂಪು ಪೆನ್ನು ಹಿಡಿದು ಕೂರುವವರು. ಒಪ್ಪಿದ ಹೆಸರಿಗೆ ಟಿಕ್, ಒಪ್ಪದ್ದಕ್ಕೆ ಅಡ್ಡಗೆರೆ, ಯಾರೆಂದು ಗೊತ್ತಿಲ್ಲದವರಿಗೆ ಸಣ್ಣ ಪ್ರಶ್ನೆ ಚಿಹ್ನೆ. ಹಾಗಾಗಿ ಆ 32ರ ಪಟ್ಟಿಯನ್ನು ಬ್ಯಾಂಕಿನಲ್ಲಿ ಪ್ರಿಂಟ್ ತೆಗೆದು ತಂದುಕೊಟ್ಟೆ.

“ನಾಮಿನೇಷನ್ ಅಂದ್ರೆ ಎಲೆಕ್ಷನ್ ಥರ ಡಿಪಾಜಿಟ್ ಕಟ್ಟೋದಾ?”

“ಇಲ್ಲಪ್ಪ, ಇದು ಕಲೆ.”

ಹಾಳೆಯ ಮೇಲಿದ್ದ ಬೊಂಬೆಯ ಚಿತ್ರ ನೋಡಿದರು. ರೆಕ್ಕೆಯ ಹೆಂಗಸು, ಕೈಯಲ್ಲಿ ಪರಮಾಣು. 1948ರಲ್ಲಿ 47 ವಿನ್ಯಾಸಗಳನ್ನು ಬೇಡವೆಂದ ಮೇಲೆ ಲೂಯಿಸ್ ಮ್ಯಾಕ್‌ಮಾನಸ್ ಎಂಬ ಎಂಜಿನಿಯರ್ ತಮ್ಮ ಹೆಂಡತಿಯನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾಡಿದ್ದು ಅದು. ‘ಎಮ್ಮಿ’ ಎಂಬುದು ಆಗಿನ ಟೀವಿ ಕ್ಯಾಮೆರಾದ ಇಮೇಜ್ ಆರ್ಥಿಕಾನ್ ಕೊಳವೆಯ ಅಡ್ಡಹೆಸರು, ‘ಇಮ್ಮಿ’, ಬೊಂಬೆ ಹೆಂಗಸಾದ್ದರಿಂದ ಕೊಂಚ ತಿದ್ದಿಕೊಂಡದ್ದು. ಇದನ್ನೆಲ್ಲ ನಾನು ವರದಿ ಒಪ್ಪಿಸಿದೆ. ಅಪ್ಪ ಕೇಳಿದರು: “ರೆಕ್ಕೆ ಇರೋ ಹೆಂಗಸು ಆಕಾಶದಿಂದ ಪರಮಾಣು ಹಿಡ್ಕೊಂಡು ಬರ್ತಾಳೆ. ಇದು ಅಡಗೂಲಜ್ಜಿ ಕಥೆ ಅಲ್ವಾ?”

ಟಿಕ್, ಅಡ್ಡಗೆರೆ ಶುರುವಾಯಿತು. ಕೊನೆಯ ಕಂತಿನ ಬರವಣಿಗೆಗೆ ಸಿಕ್ಕ ನಾಮಿನೇಷನ್ ಮೇಲೆ ಹಾಳೆ ಹರಿಯುವಂತೆ ಗೆರೆ ಎಳೆದರು. ‘ಎತ್ತರದ ಹುಡುಗಿ’ಯ ಹೆಸರಿಗೆ ಎರಡು ಟಿಕ್.

ಎರಡು ದಿನ ಬಿಟ್ಟು ಇನ್ನೊಂದು ಸುದ್ದಿ ಬಂತು. ಚಾನೆಲ್‌ನವರು ತಮ್ಮ ಕಲಾವಿದರ ಹೆಸರು ಕಳಿಸುವಾಗ ಗ್ವೆಂಡೊಲಿನ್ ಕ್ರಿಸ್ಟಿಯ ಹೆಸರು ಸೇರಿಸಿರಲೇ ಇಲ್ಲ. ಆಕೆಯ ಕಡೆಯವರೇ 225 ಡಾಲರ್ ಶುಲ್ಕ ಕಟ್ಟಿ ಅರ್ಜಿ ಹಾಕಿದ್ದರು. ಆಲ್ಫಿ ಆ್ಯಲನ್, ಕಾರಿಸ್ ವಾನ್ ಹೌಟನ್ ಕೂಡ ಹಾಗೆಯೇ. ಮೂವರೂ ಪಟ್ಟಿಯಲ್ಲಿದ್ದರು. ಓದಿ ಹೇಳಿದೆ. ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ. ನಾನು ತಪ್ಪು ಮಾಡಿದೆನೇನೋ ಅನ್ನಿಸಿತು, ಯಾಕೆಂದರೆ ನಮ್ಮ ಮನೆಯಲ್ಲಿ ಅರ್ಜಿ ಎಂಬ ಪದಕ್ಕೊಂದು ಕಥೆಯಿದೆ.

ನಾನು ಪಿಯುಸಿಯಲ್ಲಿದ್ದಾಗ, ಉತ್ತಮ ಶಿಕ್ಷಕ ಪ್ರಶಸ್ತಿಗೆ ಹಾಕಿ ಎಂದು ಹೆಡ್‌ಮಾಸ್ಟರು ಅಪ್ಪನಿಗೆ ದುಂಬಾಲು ಬಿದ್ದಿದ್ದರು. ಅರ್ಜಿಯನ್ನು ಮೇಷ್ಟ್ರೇ ತುಂಬಬೇಕು. ಮೂರು ಪ್ರತಿ, ಫೋಟೋ, ಸರ್ಟಿಫಿಕೇಟುಗಳು, ‘ನಿಮ್ಮ ಸಾಧನೆಗಳನ್ನು ವಿವರಿಸಿ’ ಎಂದು ಒಂದೂವರೆ ಪುಟ ಖಾಲಿ ಜಾಗ. “ನಾನು ಚೆನ್ನಾಗಿ ಪಾಠ ಮಾಡ್ತೀನಿ ಅಂತ ನಾನೇ ಬರ್ಕೊಳ್ಳೋದಾ?” ಎಂದು ಅಪ್ಪ ಅದನ್ನು ಅಲಮಾರಿಯ ಮೇಲೆ ಹಾಕಿದರು. ಆ ವರ್ಷ ಪ್ರಶಸ್ತಿ ಬಂದದ್ದು ದಪ್ಪ ಫೈಲು ಕಳಿಸಿದ ಇನ್ನೊಬ್ಬರಿಗೆ. ಅವರ ಸನ್ಮಾನದಲ್ಲಿ ಅಭಿನಂದನಾ ಭಾಷಣ ಮಾಡಿದ್ದು ಅಪ್ಪ, ಚೆನ್ನಾಗಿಯೇ ಮಾಡಿದರು. ಮನೆಗೆ ಬಂದು ಹಸಿವಿಲ್ಲ ಎಂದು ಮಲಗಿಬಿಟ್ಟರು.

“ಅವಳು ಅರ್ಜೀಲಿ ಏನು ಬರೆದಳಂತೆ?” ಎಂದು ಕೇಳಿದರು ಕೊನೆಗೆ.

“ಬರಿಯೋದು ಅಂತ ಏನಿಲ್ಲಪ್ಪ. ಯಾವ ಕಂತು ನೋಡಬೇಕು ಅಂತ ಹೇಳ್ತಾರೆ. ಮತ ಹಾಕೋರು ಅದನ್ನ ನೋಡ್ತಾರೆ.”

“ಅಷ್ಟೇನಾ? ಯಾವ ಪಾಠ ನೋಡಬೇಕು ಅಂತ ಹೇಳಿದ್ರೆ ಸಾಕಾ?”

“ಅಷ್ಟೇ.”

ಪೆನ್ನಿನ ಮುಚ್ಚಳ ಹಾಕಿ ಪಟ್ಟಿಯನ್ನು ಮಡಿಸಿ ಪಂಚಾಂಗದೊಳಗೆ ಇಟ್ಟರು.

ಸೆಪ್ಟೆಂಬರ್ 23ರ ಸೋಮವಾರ ಬೆಳಗಿನ ಜಾವ ಐದೂವರೆಗೆ ಸಮಾರಂಭ. ನಾನು ಏಳುವಷ್ಟರಲ್ಲಿ ಅಪ್ಪ ಸ್ನಾನ ಮುಗಿಸಿ ಕೂತಿದ್ದರು, ಆ ಪಟ್ಟಿಯೂ ಹೊರಗೆ ಬಂದಿತ್ತು. ಮೊಬೈಲಿನಲ್ಲಿ ಫಲಿತಾಂಶ ಒಂದೊಂದೇ ಬರತೊಡಗಿತು. ಗ್ವೆಂಡೊಲಿನ್ ಕ್ರಿಸ್ಟಿ ನೆಲ ಗುಡಿಸುವ ನಿಲುವಂಗಿಯಲ್ಲಿ ಯಾವುದೋ ಹಳೆಯ ಕಾಲದ ರಾಣಿಯ ಹಾಗೆ ನಿಂತ ಫೋಟೋ ತೋರಿಸಿದೆ. “ಗತ್ತು ನೋಡು,” ಎಂದರು. ವಿದುರನಿಗೆ ನಾಲ್ಕನೇ ಎಮ್ಮಿ ಬಂತು. ಅತ್ಯುತ್ತಮ ನಾಟಕ ಸರಣಿಯೂ ಅದೇ ಆಯಿತು. ಒಟ್ಟು ಮತ್ತೆ 12. ಪೋಷಕ ನಟಿ ಪ್ರಶಸ್ತಿ ಮಾತ್ರ ‘ಓಝಾರ್ಕ್’ನ ಜೂಲಿಯಾ ಗಾರ್ನರ್ ಪಾಲಾಯಿತು. ದುಡ್ಡು ಕಟ್ಟಿದ ಮೂವರಲ್ಲಿ ಯಾರಿಗೂ ಬರಲಿಲ್ಲ.

“225 ಡಾಲರ್ ಅಂದ್ರೆ ನಮ್ಮ ದುಡ್ಡಲ್ಲಿ?”

“ಹದಿನಾರು ಸಾವಿರದ ಹತ್ತಿರ.”

“ಡಿಪಾಜಿಟ್ ಹೋಯ್ತು,” ಎಂದರು. ಆಮೇಲೆ, “ಹೋಗಲಿ ಬಿಡು, ನಿಂತಿದ್ದಳಲ್ಲ.”

ನಾನು ಹಾಲಿಡಲು ಎದ್ದೆ. ಅಡುಗೆಮನೆಗೆ ಕೇಳುವಷ್ಟು ಜೋರಾಗಿ, ಯಾರಿಗೆ ಎಂದಿಲ್ಲದೆ, ಅಪ್ಪ ಹೇಳತೊಡಗಿದರು. “ಹತ್ತನೇ ಕ್ಲಾಸು, ಬಿ ಸೆಕ್ಷನ್. ಕುಮಾರವ್ಯಾಸ. ಕೃಷ್ಣ ಕರ್ಣನ್ನ ರಥದಲ್ಲಿ ಕೂರಿಸ್ಕೊಂಡು, ನೀನು ಸೂರ್ಯನ ಮಗ, ಕುಂತಿ ಹೆತ್ತೋಳು ಅಂತ ಹೇಳೋ ಭಾಗ. ಮಳೆ ಬರ್ತಿತ್ತು. ಹೆಂಚಿನ ಮೇಲೆ ಸದ್ದು, ಹಿಂದಿನ ಬೆಂಚಿಗೆ ಕೇಳ್ಲಿ ಅಂತ ಮಧ್ಯದಲ್ಲಿ ಹೋಗಿ ನಿಂತು ಹಾಡ್ದೆ. ಬೆಲ್ ಆಯ್ತು. ಒಬ್ಬನೂ ಏಳಲಿಲ್ಲ ಕಣಮ್ಮ. ಕಳಿಸೋದಾದ್ರೆ ನಾನು ಅದನ್ನ ಕಳಿಸ್ತಿದ್ದೆ.”

ಯಾವ ವರ್ಷ ಎಂದು ಕೇಳಿದೆ. ವರ್ಷ ಹೇಳಿದರು, ಆ ದಿನ ಯಾರು ಯಾರು ಹಾಜರಿದ್ದರು ಎಂಬುದನ್ನೂ ಹೇಳಲು ಶುರು ಮಾಡಿದರು, ರೋಲ್ ನಂಬರ್ ಒಂದರಿಂದ.