ಮಾರಿಯೋ ಬಾಡಿಗೆಗೆ ಸಿಗುತ್ತಿದ್ದ ಕಾಲ

ನಾವು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಚನ್ನಗಿರಿಯಲ್ಲಿ ವಿಡಿಯೋ ಗೇಮ್ ಬಾಡಿಗೆಗೆ ಸಿಗುತ್ತಿತ್ತು. ದಿನಕ್ಕೆ 50 ರೂಪಾಯಿ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗಿ, ನಮ್ಮ ತಾಲ್ಲೂಕು ಶಿವಮೊಗ್ಗದಿಂದ ಇತ್ತ ಬಂದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಶಾಲೆಯ ಬೋರ್ಡಿನಲ್ಲಿ ಶಿವಮೊಗ್ಗ ಜಿಲ್ಲೆ ಅಂತಲೇ ಇತ್ತು. ನಾವು ನಾಲ್ಕು ಜನ ಹುಡುಗರು, ತಲಾ ಹನ್ನೆರಡೂವರೆ ರೂಪಾಯಿ. ತೋಟದಲ್ಲಿ ಉದುರಿದ ಅಡಿಕೆ ಆರಿಸಿ ಕೂಡಿಟ್ಟ ದುಡ್ಡು ಅದು. ಆ ಎಂಟಾಣೆ ಯಾರು ತರಬೇಕು ಅನ್ನೋದಕ್ಕೆ ಪ್ರತಿ ಸಲವೂ ಜಗಳ.

ಅಂಗಡಿಯವರು ಕೊಡುತ್ತಿದ್ದದ್ದು ಒಂದು ಬೂದು ಬಣ್ಣದ ಡಬ್ಬ, ಎರಡು ರಿಮೋಟು, ಒಂದು ಕ್ಯಾಸೆಟ್ಟು. ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಯಂತ್ರದ ನಕಲು ಅದು ಅಂತ ನಮಗೆ ಗೊತ್ತಾಗಿದ್ದು ಡಿಪ್ಲೊಮಾ ಓದುವಾಗ, ಸೈಬರ್ ಕೆಫೆಯಲ್ಲಿ ಕೂತಾಗ. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರೆದಿರೋದು. ಒಳಗೆ ಅವವೇ ಹತ್ತು ಹನ್ನೆರಡು ಆಟ ಸುತ್ತಿ ಸುತ್ತಿ ಬರೋವು. ಬರದಿದ್ದರೆ ಕ್ಯಾಸೆಟ್ಟು ತೆಗೆದು ಉಫ್ ಅಂತ ಊದಿ ಮತ್ತೆ ತುರುಕೋದು. ನೀವೂ ಊದಿದ್ದರೆ ನಿಮ್ಮ ವಯಸ್ಸು ನಮಗೆ ಗೊತ್ತಾಯ್ತು ಬಿಡಿ.

ನಮಗೆ ಬೇಕಿದ್ದದ್ದು ಮಾರಿಯೋ. 1985ರಲ್ಲಿ ಜಪಾನಿನಲ್ಲಿ ಬಂದ ಆಟ, ಮಾಡಿದ ತಂಡದ ಮುಖಂಡ ಶಿಗೆರು ಮಿಯಾಮೊಟೊ. ಓಡಬೇಕು, ಹಾರಬೇಕು, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಜಿಗಿಯಬೇಕು, ನಡುವೆ ಗುಂಡಿಗೆ ಬಿದ್ದರೆ ಸತ್ತ. ಇಂಥ ಆಟಗಳಿಗೆ ಪ್ಲಾಟ್‌ಫಾರ್ಮರ್ ಅಂತಾರೆ. ಹೆಚ್ಚಿನ ಹಂತಗಳ ಕೊನೆಯಲ್ಲಿ ಬಾವುಟದ ಕಂಬದ ಮುಂದೆ ಮೆಟ್ಟಿಲು ಬರುತ್ತದಲ್ಲ, ಸಂತೇಬೆನ್ನೂರಿನ ಪುಷ್ಕರಣಿಗೆ ಸುದ್ದಿಗೆ ಅಂತ ಹೋದಾಗಲೆಲ್ಲ ನಮಗೆ ಅದೇ ನೆನಪಾಗೋದು. ಫೋಟೋ ತೆಗೆಯೋದು ಬಿಟ್ಟು ಎಲ್ಲಿಂದ ಹಾರಬಹುದು ಅಂತ ನೋಡ್ತಾ ನಿಂತಿರ್ತೀವಿ.

ನಮ್ಮ ಮನೆಯಲ್ಲಿದ್ದದ್ದು ಕಪ್ಪು ಬಿಳುಪಿನ ಪೋರ್ಟಬಲ್ ಟೀವಿ. ಅದರಲ್ಲಿ ಮೇಲಿನ ಮೋಡವೂ ಕೆಳಗಿನ ಪೊದೆಯೂ ಒಂದೇ ಥರ ಕಾಣೋವು. ಟೀವಿ ಹಳೇದು, ಅದರದ್ದೇ ದೋಷ ಅಂದ್ಕೊಂಡಿದ್ವಿ. ಎಷ್ಟೋ ವರ್ಷದ ಮೇಲೆ ಓದಿದ್ದೇನಂದರೆ, ಅವೆರಡೂ ನಿಜಕ್ಕೂ ಒಂದೇ ಚಿತ್ರ! ಬಿಳಿ ಬಣ್ಣ ಹಾಕಿದರೆ ಮೋಡ, ಹಸಿರು ಹಾಕಿದರೆ ಪೊದೆ. ಜಾಗ ಉಳಿಸೋಕೆ ಹಾಗೆ ಮಾಡಿದ್ದರು. 32 ಹಂತದ ಆ ಆಟ ಪೂರ್ತಿ ಸೇರಿ 40 ಕಿಲೋಬೈಟು. ಬೆಳಗಾದರೆ ನಿಮ್ಮ ವಾಟ್ಸಾಪಿಗೆ ಬರೋ ಗುಲಾಬಿ ಹೂವಿನ ಶುಭೋದಯ ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ.

ಮೂರು ಲೈಫು. ಮೂರೂ ಹೋದರೆ ಮೊದಲಿಂದ. ಉಳಿಸಿಟ್ಟುಕೊಳ್ಳೋ ವ್ಯವಸ್ಥೆ ಇಲ್ಲ. ಒಬ್ಬನ ಲೈಫು ಹೋಯ್ತು ಅಂದರೆ ರಿಮೋಟು ಪಕ್ಕದವನಿಗೆ. ಉಳಿದ ಮೂವರು ಹಿಂದೆ ಕೂತು, ಅವನು ಹಾರುವಾಗ ನಾವೂ ಕುಂಡೆ ಎತ್ತೋದು. ನಾಲ್ವರಲ್ಲಿ ಒಬ್ಬ ಇದ್ದ, ಅವನ ಬಲಗೈ ಹೆಬ್ಬೆರಳಿಗೆ ಏನೋ ಒಂದು ಲೆಕ್ಕ ಗೊತ್ತಿತ್ತು. ಅಂಚಿಗೆ ಕೂದಲೆಳೆ ಇದ್ದಾಗ ಒತ್ತುತ್ತಿದ್ದ. ಎಂಟನೇ ಲೋಕದ ಕೊನೇ ಕೋಟೆಗೆ ನಮ್ಮಲ್ಲಿ ಹೋದವನು ಅವನೊಬ್ಬನೇ. ಆ ಕೋಟೆ ಜಾಲದ ಥರ, ತಪ್ಪು ದಾರಿ ಹಿಡಿದರೆ ಅಲ್ಲಲ್ಲೇ ಸುತ್ತಿಸುತ್ತೆ. ಅವನು ಮೂರನೇ ಸಲ ಸುತ್ತುತ್ತಿದ್ದಾಗ ಕರೆಂಟು ಹೋಯ್ತು. ಯಾರೂ ಮಾತಾಡಲಿಲ್ಲ. ಕತ್ತಲಲ್ಲಿ ಅವನು ರಿಮೋಟು ಹಿಡಿದುಕೊಂಡೇ ಕೂತಿದ್ದ.

ಮೂರೂ ಲೈಫು ಮುಗಿದ ಮೇಲೆ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದಿಂದಲೇ ಮತ್ತೆ ಶುರು ಮಾಡಬಹುದಿತ್ತಂತೆ. ಈ ಗುಟ್ಟು ನಮಗೆ ಗೊತ್ತಾಗಿದ್ದು 20 ವರ್ಷ ಆದಮೇಲೆ. ಕಾಂಟ್ರಾದಲ್ಲಿ 30 ಲೈಫು ಬರೋಕೆ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅನ್ನೋದು ಮಾತ್ರ ಮಗ್ಗಿ ಥರ ಬಾಯಿಪಾಠ ಇತ್ತು.

ಆ ಆಟಗಳು ಯಾಕೆ ಅಷ್ಟು ಕಷ್ಟ ಇದ್ದವು? ಕಷ್ಟಪಟ್ಟರೇ ಸುಖ, ಹಳೇ ಕಾಲದ ಗಟ್ಟಿತನ ಅಂತ ನಾವು ಎಷ್ಟೋ ಕಡೆ ಭಾಷಣ ಬಿಗಿದಿದ್ದೀವಿ. ಓದಿ ನೋಡಿದರೆ ವಿಷಯ ಬೇರೆ. ಮಾರಿಯೋ ಮೊದಲು ಕಾಣಿಸಿಕೊಂಡ ಡಾಂಕಿ ಕಾಂಗ್, 1981ರದ್ದು, ಕಾಸು ಹಾಕಿ ಆಡೋ ಯಂತ್ರದ ಆಟ. ಬೇಗ ಸತ್ತರೆ ಬೇಗ ಇನ್ನೊಂದು ಕಾಸು. ಆ ಅಭ್ಯಾಸ ಮನೆ ಆಟಗಳಿಗೂ ಬಂತು. ಜೊತೆಗೆ ಆಟ ಇರೋದೇ ಚಿಕ್ಕದು, ಕಷ್ಟ ಇಲ್ಲದಿದ್ದರೆ ಅರ್ಧ ಗಂಟೆಗೆ ಮುಗಿದುಹೋಗೋದು. ಅಂದರೆ ನಮ್ಮ ಛಲ ಅಂತ ನಾವು ಹೇಳ್ಕೊಳ್ತಿದ್ದದ್ದರಲ್ಲಿ ಅರ್ಧ ಯಾರದ್ದೋ ವ್ಯಾಪಾರದ ಲೆಕ್ಕ.

ಈಗಿನ ಫೋನ್ ಆಟಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಅಶ್ವತ್ಥಕಟ್ಟೆ ಮೇಲೆ ಹುಡುಗರು ಆಡೋದನ್ನ ನೀವೂ ನೋಡಿರ್ತೀರಿ. ಸಬ್‌ವೇ ಸರ್ಫರ್ಸ್ 2012ರಿಂದ ಓಡ್ತಾನೇ ಇದೆ, ಅದಕ್ಕೆ ಬಾವುಟದ ಕಂಬವೇ ಇಲ್ಲ. 2016ರಲ್ಲಿ ಫೋನಿಗೆ ಬಂದ ಸೂಪರ್ ಮಾರಿಯೋ ರನ್‌ನಲ್ಲಿ ಮಾರಿಯೋ ತಾನೇ ಓಡ್ತಾನೆ, ನಾವು ಬರೀ ಬೆರಳು ತಟ್ಟಬೇಕು. ನಮಗೇನೋ ಬೇರೆಯವರು ಬೈಕ್ ಓಡಿಸುವಾಗ ಹಿಂದೆ ಕೂತು ಹಾರ್ನ್ ಹೊಡೆದಂಗೆ ಅನ್ನಿಸ್ತು. ಇನ್ನು ಪುಕ್ಕಟೆ ಆಟಗಳು ಎಷ್ಟೋ ಇವೆ, ಗುಂಡಿಗೆ ಬಿದ್ದ ಕೂಡಲೇ ಜಾಹೀರಾತು ನೋಡಿದರೆ ಮತ್ತೆ ಜೀವ ಕೊಡ್ತೀನಿ ಅಂತವೆ. ಬಿದ್ದವನ ಹತ್ತಿರ ಬಂದು ಜೇಬು ತಡಕೋ ಬುದ್ಧಿ ಅದು. ಲೆವೆಲ್ ಡೆವಿಲ್ ಅಂತ ಒಂದಿದೆ, ಅದು ಪರವಾಗಿಲ್ಲ. ನೆಲ ಇದೆ ಅಂತ ಕಾಲಿಟ್ಟರೆ ನೆಲವೇ ಜಾರಿಹೋಗುತ್ತೆ. ಒಬ್ಬ ಬಿದ್ದರೆ ಐದು ಜನ ನಗ್ತಾರೆ. ಹಿಂದೆ ಕೂತು ಕುಂಡೆ ಎತ್ತೋ ಸುಖ ಅದರಲ್ಲಿ ಸ್ವಲ್ಪ ಉಳಿದಿದೆ.

ವಿಷಯಕ್ಕೆ ಬರ್ತೀವಿ. ಆ ನಾಲ್ವರಲ್ಲಿ ಹೆಬ್ಬೆರಳಿನ ಲೆಕ್ಕ ಗೊತ್ತಿದ್ದವನು ಈಗ ಅಡಿಕೆ ಖೇಣಿ ಮಾಡ್ತಾನೆ. ಕೆಲವು ವರ್ಷದ ಹಿಂದೆ ಸುಲಿಯೋ ಯಂತ್ರದ ಬೆಲ್ಟಿಗೆ ಅವನ ಬಲಗೈ ಸಿಕ್ಕಿತು. ಹೆಬ್ಬೆರಳು ಹೋಯ್ತು. ಆ ಸುದ್ದಿ ಪತ್ರಿಕೆಗೆ ಕಳಿಸಿದ್ದು ನಾವೇ. ನಾಲ್ಕು ಸಾಲು, ಒಳಪುಟ. ಹೆಸರು, ಊರು, ಗಾಯಾಳು ಆಸ್ಪತ್ರೆಗೆ ದಾಖಲು. ಅವನು ಯಾವತ್ತೂ ಅದರ ಬಗ್ಗೆ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆಮೇಲೆ ನಾಲ್ಕು ಜನ ಸೇರಿದರೂ ಮಾರಿಯೋ ಮಾತು ಮಾತ್ರ ಬರ್ತಿರಲಿಲ್ಲ. ಬಂದರೂ ಯಾರಾದರೊಬ್ಬರು ಅಡಿಕೆ ರೇಟು ತೆಗೆಯೋರು.

ಕಳೆದ ದೀಪಾವಳಿಗೆ ನಮ್ಮ ಅಕ್ಕನ ಮಗ ದಾವಣಗೆರೆಯಿಂದ ಬಂದಿದ್ದ, ಇಂಜಿನಿಯರಿಂಗ್ ಓದ್ತಾನೆ. ಲ್ಯಾಪ್‌ಟಾಪಿಗೆ ರಿಮೋಟು ಸಿಕ್ಕಿಸಿ ಸೆಲೆಸ್ಟ್ ಅನ್ನೋ ಆಟ ಆಡ್ತಿದ್ದ. ಇಬ್ಬರು ನಾಲ್ಕು ದಿನದಲ್ಲಿ ಮಾಡಿದ ಒಂದು ಪುಟ್ಟ ಆಟ ಬೆಳೆದು 2018ರಲ್ಲಿ ಪೂರ್ತಿ ಆಟ ಆಗಿದ್ದು. ಮ್ಯಾಡಲಿನ್ ಅನ್ನೋ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ, ಅಷ್ಟೇ ಕತೆ. ಆಟ ಮಾತ್ರ ಭಯಂಕರ ಕಷ್ಟ. ಆದರೆ ಸತ್ತರೆ ಕಣ್ಣು ಮಿಟುಕಿಸೋದರೊಳಗೆ ಅದೇ ಜಾಗದಲ್ಲಿ ಮತ್ತೆ ನಿಲ್ಲಿಸುತ್ತೆ. ಎಷ್ಟು ಸಲ ಸತ್ತಿರಿ ಅಂತ ಲೆಕ್ಕವೂ ಇಡುತ್ತೆ, ಹಂಗಿಸೋಕಲ್ಲ.

ಅವನು ಮೆನುವಿನಲ್ಲಿ ಅಸಿಸ್ಟ್ ಮೋಡ್ ಅಂತ ತೋರಿಸಿದ. ಬೇಕಾದರೆ ಆಟದ ವೇಗವನ್ನೇ ಅರ್ಧದವರೆಗೂ ಇಳಿಸಬಹುದು, ಸಾಯದೇ ಇರೋ ಹಾಗೂ ಮಾಡ್ಕೋಬಹುದು.

"ಇದೇನೋ, ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದಂಗೆ" ಅಂದ್ವಿ.

"ಮಾಮ, ಈ ಆಟ ಎಲ್ರಿಗೂ ಗ್ರೇಸ್ ಕೊಡುತ್ತೆ, ನಿಮಗೆ ಗೊತ್ತಾಗಲ್ಲ ಅಷ್ಟೇ" ಅಂದ. ಅಂಚು ದಾಟಿ ಕಾಲು ಗಾಳಿಗೆ ಬಿದ್ದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಾರೋಕೆ ಬಿಡುತ್ತಂತೆ. ಹಳೇ ಕಾರ್ಟೂನಿನಲ್ಲಿ ತೋಳದ ಥರದ ಒಂದು ಪ್ರಾಣಿ ಬೆಟ್ಟದ ತುದಿ ದಾಟಿ ಗಾಳಿಯಲ್ಲೇ ಓಡಿ, ಕೆಳಗೆ ನೋಡಿದ ಮೇಲೆ ಬೀಳುತ್ತಲ್ಲ, ಆ ಕಯೋಟಿ ಹೆಸರಲ್ಲೇ ಅದಕ್ಕೆ ಕಯೋಟಿ ಟೈಮ್ ಅಂತಾರಂತೆ. 2023ರ ಸೂಪರ್ ಮಾರಿಯೋ ವಂಡರ್‌ನಲ್ಲೂ ಶತ್ರು ತಾಗಿದರೂ ಏಟಾಗದ ಯೋಶಿ ಥರದ ಪಾತ್ರಗಳನ್ನ ಇಟ್ಟಿದ್ದಾರಂತೆ. ನಾವು ಒಪ್ಪಲಿಲ್ಲ. ನಮ್ಮ ಕಾಲದಲ್ಲಿ ಬಿದ್ದರೆ ಬಿದ್ದಂಗೆ ಅಂದ್ವಿ.

ಅಷ್ಟರಲ್ಲಿ ಅವನು ಬಂದು ಬಾಗಿಲಲ್ಲಿ ನಿಂತಿದ್ದ, ನಮ್ಮ ತೋಟದ ಅಡಿಕೆ ಲೆಕ್ಕಕ್ಕೆ. ಎಷ್ಟು ಕೇಳಿಸಿಕೊಂಡನೋ ಏನೋ. ನಮ್ಮ ಬಾಯಿ ಮುಚ್ಚಿತು. ಅಡಿಕೆ ರೇಟು ತೆಗೆಯಬೇಕು ಅನ್ನೋದರೊಳಗೆ ಹುಡುಗ ಕೇಳೇಬಿಟ್ಟ:

"ಮಾಮ, ಆಡ್ತೀರಾ?"

ಅವನು ಬಲಗೈ ಎತ್ತಿ ತೋರಿಸಿದ. ಹುಡುಗ ಎರಡು ನಿಮಿಷ ಮೆನುವಿನಲ್ಲಿ ಏನೋ ಮಾಡಿದ. ಹಾರೋ ಬಟನ್ನು ಎಡಗೈ ತೋರುಬೆರಳಿಗೆ ತಂದ, ನುಗ್ಗೋದು ಬಲಗೈ ತೋರುಬೆರಳಿಗೆ. ವೇಗ ಎಪ್ಪತ್ತಕ್ಕೆ ಇಳಿಸಿದ.

ಮೊದಲ ಅರ್ಧ ಗಂಟೆ ಬೀಳೋದೇ ಆಯ್ತು. ಬಲ ತೋರುಬೆರಳು ತಾನಾಗೇ ಒತ್ತಿಕೊಂಡು ಮ್ಯಾಡಲಿನ್ ಮುಳ್ಳಿಗೆ ನುಗ್ಗೋಳು. ಅವನು ಬೈದುಕೊಳ್ಳೋನು, ಹುಡುಗ ನಗೋನು. ಅಕ್ಕ ಊಟಕ್ಕೆ ಎರಡು ಸಲ ಕರೆದಳು. ಒಂದು ಅಂಚಿನಲ್ಲಿ ಅವನು ತಡ ಮಾಡಿದ, ಹೋಯ್ತು ಅಂದ್ಕೊಂಡ್ವಿ, ಅವಳು ಹಾರಿಯೇಬಿಟ್ಟಳು. ಆ ಹತ್ತನೇ ಒಂದು ಭಾಗ. ಅವನು ನಮ್ಮ ಕಡೆ ತಿರುಗಿ ನೋಡಿದ. ನಾವು ಕುರ್ಚಿ ಬಿಟ್ಟು ಎದ್ದು ನಿಂತಿದ್ದೇ ನಮಗೆ ಗೊತ್ತಿರಲಿಲ್ಲ.

ಮೊದಲನೇ ಅಧ್ಯಾಯ ಮುಗಿಯೋ ಹೊತ್ತಿಗೆ ರಾತ್ರಿ ಹನ್ನೊಂದು. ಇನ್ನೂರಕ್ಕೂ ಹೆಚ್ಚು ಸಲ ಸತ್ತಿದ್ದ. ಅಡಿಕೆ ಲೆಕ್ಕದ ಚೀಟಿ ಟೀಪಾಯಿ ಮೇಲೆ ಹಾಗೇ ಬಿದ್ದಿತ್ತು. ಏಳ್ತಾನೆ ಅಂದ್ಕೊಂಡರೆ, ರಿಮೋಟು ಸರಿಯಾಗಿ ಹಿಡಕೊಂಡು ಹುಡುಗನ ಕಡೆ ನೋಡಿದ.

"ಲೇ ಹುಡುಗ, ಎಂಬತ್ತಕ್ಕೆ ಹಾಕು."