ಡೀನರು ಮರೆತ ಬಾಟಲಿ

ನವರಾತ್ರಿ ಬಂತೆಂದರೆ ನಮ್ಮ ರೆಡಿಂಗ್ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿಗೆ ಕೈ ಹಾಕಲೇಬೇಕು. ಗೊಂಬೆಗಳ ಪೆಟ್ಟಿಗೆ ಇರುವುದು ಅಲ್ಲೇ. ಈ ಸಲ ಪೆಟ್ಟಿಗೆ ಎಳೆದಾಗ ಅದರ ಹಿಂದೆ ಹಳೇ ಟವೆಲ್ಲು ಹೊದ್ದು ಕೂತಿದ್ದ ಕಂದು ಬಾಟಲಿಗಳೂ ಬಯಲಾದವು. "ರೀ, ಇವಿನ್ನೂ ಇಲ್ಲೇ ಇವೆಯಾ? ಸಿಡಿದರೆ ನಮ್ಮ ರಾಜಾ ರಾಣಿ ಗತಿ ಏನು?" ಎಂದಳು ಹೆಂಡತಿ. ರಾಜಾ ರಾಣಿ ಎಂದರೆ ಮದುವೆಯಲ್ಲಿ ಅವಳ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು. ಬಾಟಲಿಗಳಲ್ಲಿರುವುದು ನಾನೇ ಮನೆಯಲ್ಲಿ ಕಾಯಿಸಿ ಹುದುಗಿಸಿದ ಸ್ಟ್ರಾಂಗ್ ಬಿಯರು. ಊರಲ್ಲಾಗಿದ್ದರೆ ಅಬಕಾರಿಯವರು ಬಾಗಿಲು ತಟ್ಟುತ್ತಿದ್ದರೋ ಏನೋ. ಇಲ್ಲಿ ಇಂಗ್ಲೆಂಡಿನಲ್ಲಿ 1963ರಲ್ಲೇ ಮನೆ ಬಿಯರಿನ ಲೈಸೆನ್ಸು ತೆಗೆದುಹಾಕಿದ್ದಾರೆ. ಹಾಗಾಗಿ ನನಗಿರುವುದು ಒಂದೇ ಇಲಾಖೆಯ ಕಾಟ.

ಇಲಾಖೆಯ ಆಕ್ಷೇಪಣೆ ಸುಳ್ಳೇನಲ್ಲ. ಬಾಟಲಿಯೊಳಗೇ ಬಿಯರಿಗೆ ಗ್ಯಾಸು ಹಿಡಿಯಬೇಕಾದರೆ ಮುಚ್ಚಳ ಒತ್ತುವ ಮುಂಚೆ ಒಂದಿಷ್ಟು ಸಕ್ಕರೆ ಬೆರೆಸಬೇಕು. ನಾನು 19 ಲೀಟರಿಗೆ ಸುಮಾರು 90 ಗ್ರಾಂ ಹಾಕುತ್ತೇನೆ, ಒಂದು ಲೋಟ ನೀರಲ್ಲಿ ಕುದಿಸಿ ಆರಿಸಿ. ಯೀಸ್ಟು ಅದನ್ನು ತಿಂದು ಗ್ಯಾಸು ಬಿಡುತ್ತದೆ. ಹೊರಹೋಗಲು ದಾರಿ ಕಾಣದ ಗ್ಯಾಸು ಬಿಯರಿನಲ್ಲೇ ಕರಗುತ್ತದೆ. ಮಾಮೂಲಿ ಬಿಯರಿಗೆ ಎರಡು ಮೂರು ವಾರ ಸಾಕು. ಶೇಕಡಾ 10ರ ಬಿಯರಿನ ಹಣೆಬರಹವೇ ಬೇರೆ. ಅಷ್ಟು ಆಲ್ಕೋಹಾಲು ಹುಟ್ಟಿಸುವ ಹೊತ್ತಿಗೆ ಯೀಸ್ಟು ಅದರಲ್ಲೇ ಮುಳುಗಿ ಸುಸ್ತು ಹೊಡೆದಿರುತ್ತದೆ. ಅದಕ್ಕೇ ಬಾಟಲಿಗೆ ತುಂಬುವಾಗ ಶಾಂಪೇನ್ ಯೀಸ್ಟು ಒಂದು ಚಿಟಿಕೆ ಹೊಸದಾಗಿ ಸೇರಿಸುವುದು. ಅಪಾಯವೂ ಅಲ್ಲೇ ಇದೆ. ಹಳೆಯದು ಸುಸ್ತಾಗಿ ಅರ್ಧಕ್ಕೇ ಬಿಟ್ಟ ಸಕ್ಕರೆ ಇನ್ನೂ ಉಳಿದಿದ್ದರೆ, ಹೊಸದಾಗಿ ಬಂದದ್ದು ಅದಕ್ಕೂ ಕೈ ಹಾಕುತ್ತದೆ, ಗಾಜು ತಡೆಯುವುದಿಲ್ಲ. ಉಳಿದ ಸಕ್ಕರೆಯ ಸುಳಿವು ಕೊಡುವ ಹೈಡ್ರೋಮೀಟರು ದಿನಗಟ್ಟಲೆ ಒಂದೇ ಅಂಕಿ ತೋರಿಸುವ ತನಕ ನಾನು ಬಾಟಲಿ ತೊಳೆಯಲೂ ಏಳುವುದಿಲ್ಲ.

ಆದರೆ ಸಿಡಿಯುವ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಅಲೆಕ್ಸಾಂಡರ್ ನೋವೆಲ್ ಕಡೆ ಓಡುತ್ತದೆ. 1560ರಿಂದ 1602ರಲ್ಲಿ ಸಾಯುವವರೆಗೂ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಡೀನ್ ಆಗಿದ್ದವರು. ಇಂಗ್ಲೆಂಡಿನ ಮಕ್ಕಳು ತಲೆಮಾರುಗಟ್ಟಲೆ ಉರುಹೊಡೆದ ಧರ್ಮಬೋಧೆ ಇವರದೇ. ಒಮ್ಮೆ ಉಪದೇಶದ ನಡುವೆ ವಿಗ್ರಹಗಳ ವಿರುದ್ಧ ಮಾತೆತ್ತಿ, ಎದುರಿಗೇ ಕೂತಿದ್ದ ಎಲಿಜಬೆತ್ ರಾಣಿಯಿಂದ ಸಭೆಯಲ್ಲೇ ಗದರಿಸಿಕೊಂಡವರು. ಇವೆಲ್ಲ ವಿದ್ವಾಂಸರಿಗಿರಲಿ. ಈ ಪುಣ್ಯಾತ್ಮರಿಗೆ ಮೀನು ಹಿಡಿಯುವ ಹುಚ್ಚು. ತಮ್ಮ ಸಮಯದಲ್ಲಿ ಹತ್ತನೇ ಒಂದು ಪಾಲು ಗಾಳಕ್ಕೇ ಮೀಸಲಿಟ್ಟಿದ್ದರೆಂದು ಐಸಾಕ್ ವಾಲ್ಟನ್ 1653ರ ತನ್ನ ಮೀನುಗಾರಿಕೆ ಪುಸ್ತಕದಲ್ಲಿ ಬರೆಯುತ್ತಾನೆ. ಹಾಗೆ ಹೋದಾಗ ಒಂದು ದಿನ ಏಲ್ ಎಂಬ ಬಿಯರು ತುಂಬಿದ ಬಾಟಲಿಯನ್ನು ಹುಲ್ಲಲ್ಲಿ ಮರೆತು ಬಂದರು. ಕೆಲವು ದಿನ ಬಿಟ್ಟು ಸಿಕ್ಕಿತು. ಬಿರಡೆ ಕಿತ್ತರೆ ಬಂದೂಕು ಹಾರಿಸಿದ ಸದ್ದು! ಇಂಗ್ಲೆಂಡಿನಲ್ಲಿ ಬಾಟಲಿ ಏಲ್ ಹುಟ್ಟಿದ್ದೇ ಹೀಗೆಂದು ಥಾಮಸ್ ಫುಲ್ಲರ್ ತನ್ನ 1662ರ ಪುಸ್ತಕದಲ್ಲಿ ದಾಖಲಿಸಿದ್ದಾನೆ.

ಇತಿಹಾಸಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ನಾನು ನಂಬುತ್ತೇನೆ. ಸಾಲದೆಂದು, ಇನ್ನೂ ಸ್ವಲ್ಪ ಎಳೆಯುತ್ತೇನೆ. ಫುಲ್ಲರ್ ಹೇಳುವ ಇನ್ನೊಂದು ಸಂಗತಿಯಿದೆ: ಕ್ಯಾಥೊಲಿಕ್ ಮೇರಿ ರಾಣಿಯ ಕಾಲದಲ್ಲಿ ಪ್ರಾಟೆಸ್ಟಂಟ್ ನೋವೆಲ್ ಮೀನು ಹಿಡಿಯುತ್ತ ಕೂತಿದ್ದಾಗ ಬಿಷಪ್ ಬಾನರ್ ನೋವೆಲ್‌ರನ್ನೇ ಹಿಡಿಯಲು ಹೊಂಚುಹಾಕಿದ್ದ. ಫ್ರಾನ್ಸಿಸ್ ಬೌಯರ್ ಎಂಬ ವರ್ತಕ ಹೇಗೋ ಅವರನ್ನು ಕಡಲಾಚೆ ದಾಟಿಸಿದ. ಅವರು ಮತ್ತೆ ತಾಯ್ನಾಡಿನಲ್ಲಿ ನೆಮ್ಮದಿಯಾಗಿ ಕಾಲೂರಿದ್ದು 1558ರಲ್ಲಿ ಮೇರಿ ತೀರಿಕೊಂಡ ಮೇಲೆ. ಈ ಎರಡು ಕಥೆ ಜೋಡಿಸಿ ನೋಡಿ. ಓಡುವ ಗಡಿಬಿಡಿಯಲ್ಲಿ ಹುಲ್ಲಲ್ಲಿ ಬಿಟ್ಟ ಬಾಟಲಿ, ವರ್ಷಗಳ ಮೇಲೆ ಮರಳಿದಾಗ ಅಲ್ಲೇ! ಫುಲ್ಲರ್ ಹಾಗೆ ಎಲ್ಲೂ ಹೇಳಿಲ್ಲ, "ಕೆಲವು ದಿನ" ಎಂದು ಬರೆದು ನನ್ನ ಕೈಕಟ್ಟಿದ್ದಾನೆ. ಆದರೂ ಏಲ್ ಸ್ಟ್ರಾಂಗ್ ಆಗಿದ್ದರೆ ವರ್ಷಗಳು ಅಸಾಧ್ಯವೇನಲ್ಲ. ಡಾರ್ಚೆಸ್ಟರಿನ ಎಲ್ಡ್ರಿಜ್ ಪೋಪ್ ಕಂಪನಿ 1968ರಲ್ಲಿ ಕಾದಂಬರಿಕಾರ ಥಾಮಸ್ ಹಾರ್ಡಿ ಹೆಸರಲ್ಲಿ ಹೊರತಂದ ಏಲನ್ನು 25 ವರ್ಷ ಇಡಬಹುದೆಂದೇ ಹೇಳಿ ಮಾರಿತು.

ಡೀನರ ಬಾಟಲಿ ಒಡೆಯದೆ ಉಳಿದದ್ದು ಅದೃಷ್ಟ. ಹಿಂದಿನವರಿಗೂ ಈ ಭಯ ಗೊತ್ತಿತ್ತು. 1615ರಲ್ಲಿ ಜರ್ವೇಸ್ ಮಾರ್ಕಮ್ ಗೃಹಿಣಿಯರಿಗಾಗಿ ಬರೆದ ಪುಸ್ತಕದಲ್ಲಿ, ಏಲ್ ಬಾಟಲಿಗಳನ್ನು ತಣ್ಣಗಿನ ನೆಲಮಾಳಿಗೆಯಲ್ಲಿ ಸೊಂಟದವರೆಗೂ ಮರಳಲ್ಲಿ ಹೂತು, ಕಾರ್ಕಿಗೆ ಗಟ್ಟಿ ದಾರ ಬಿಗಿಯಿರಿ ಎನ್ನುತ್ತಾನೆ. ಇದನ್ನು ಓದಿ ಹೇಳಿದಾಗ ಮನೆಯಾಕೆಗೆ ಮಾರ್ಕಮ್ ಬಹಳ ಹಿಡಿಸಿದ. ಮರಳು ಯಾವಾಗ ತರುತ್ತೀರಿ ಎಂದಳು. ಮಾರ್ಕಮ್ ಆದಮೇಲೆ ಒತ್ತಡ ತಡೆಯುವ, ಕಲ್ಲಿದ್ದಲ ಕುಲುಮೆಯ ಗಟ್ಟಿ ಗಾಜು ಬಂತು. ಸಕ್ಕರೆ ಹಾಕಿ ವೈನಿಗೆ ನೊರೆ ಬರಿಸುವ ಉಪಾಯವನ್ನು ಕ್ರಿಸ್ಟೋಫರ್ ಮೆರೆಟ್ ರಾಯಲ್ ಸೊಸೈಟಿಗೆ ತಿಳಿಸಿದ್ದು 1662ರ ಡಿಸೆಂಬರಿನಲ್ಲಿ. ಫುಲ್ಲರನ ಪುಸ್ತಕ ಬಂದ ವರ್ಷವೇ! ಶಾಂಪೇನಿನ ಪುರಾಣಪುರುಷ ಡಾಮ್ ಪೆರಿನ್ಯೋ ಒವಿಲೇರ್ ಮಠ ಸೇರಲು ಆಗಿನ್ನೂ ಆರು ವರ್ಷ ಬಾಕಿ. ಫ್ರೆಂಚರ ಮುಂದೆ ಈ ಮಾತು ಆಡಬಾರದು.

ನನ್ನ ಬಾಟಲಿಗಳ ಸಮಾಚಾರ ಇಷ್ಟೇ: ಮೊದಲ ತಿಂಗಳು ತೆರೆದಾಗ ನೊರೆಯೇ ಇರಲಿಲ್ಲ, ಸಿಹಿ ಕಷಾಯ. ಬೇಸಿಗೆ ಕಳೆದ ಮೇಲೆ ತೆರೆದದ್ದು ಮುಚ್ಚಳ ಎತ್ತಿದೊಡನೆ "ಫಿಸ್" ಎಂದಿತು. ಒಣದ್ರಾಕ್ಷಿ, ಸುಟ್ಟ ಸಕ್ಕರೆಯ ವಾಸನೆ, ತೆಳ್ಳಗೆ ಒಂದು ಪದರ ನೊರೆ. ಲೋಟ ಓರೆ ಹಿಡಿದು, ಕೈ ನಡುಗಿಸದೆ ಒಂದೇ ಸಲಕ್ಕೆ ಬಗ್ಗಿಸಬೇಕು. ತಳದ ಗಷ್ಟು ಕತ್ತಿನ ಹತ್ತಿರ ಬರುತ್ತಲೇ ನಿಲ್ಲಿಸಬೇಕು. ಪಕ್ಕದ ಮನೆಯ ಮುದುಕರು ಮಾತ್ರ ಆ ಗಷ್ಟನ್ನೂ ಕಲಕಿ ಕುಡಿಯುತ್ತಾರೆ, ವಿಟಮಿನ್ ಅಂತೆ.

ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನಲ್ಲಿರುವ ನೋವೆಲ್‌ರ ಚಿತ್ರವನ್ನು ವಾಲ್ಟನ್ ಬಣ್ಣಿಸಿದ್ದಾನೆ: ಮುಂದೆ ಬೈಬಲ್, ಒಂದು ಕಡೆ ದಾರ, ಕೊಕ್ಕೆಗಳು, ಇನ್ನೊಂದು ಕಡೆ ಗಾಳದ ಕೋಲುಗಳು. ಬಾಟಲಿಯ ಸುದ್ದಿಯೇ ಇಲ್ಲ. ಅಷ್ಟೆಲ್ಲ ಕೋಲುಗಳನ್ನು ಬಿಡದೆ ಬರೆದ ಕಲಾವಿದನಿಗೆ ಒಂದು ಬಾಟಲಿಗೆ ಜಾಗ ಸಿಗಲಿಲ್ಲವಂತೆ!